ಕೆಲಸ ಬಿಡೋಣ ಅಂದರೆ ಮನೆ ಸಾಲದ ಕಂತು. ಏನು ಮಾಡಲಿ?

ರೈಲು ಪಾಸಿನವನು:
ಊರು ಮಂಡ್ಯ. ಕೆಲಸ ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ಫ್ಯಾಕ್ಟರಿಯಲ್ಲಿ, ಕ್ವಾಲಿಟಿ ಸೆಕ್ಷನ್. ಏಳು ವರ್ಷದ ಸರ್ವಿಸ್. ಕೈಗೆ 34 ಸಾವಿರ ಬರುತ್ತದೆ, ಅದರಲ್ಲಿ 15 ಸಾವಿರ ಮನೆ ಸಾಲಕ್ಕೇ ಹೋಗುತ್ತದೆ.

ಹೊಸ ಮ್ಯಾನೇಜರ್ ಬಂದ ಮೇಲೆ ರಿಜೆಕ್ಷನ್ ಸ್ವಲ್ಪ ಜಾಸ್ತಿಯಾದರೂ ಎಲ್ಲರ ಎದುರು ಬೈಗುಳ. ರಾತ್ರಿ ಊಟಕ್ಕೆ ಕೂತರೂ ವಾಟ್ಸಾಪ್ ಬಡಿದುಕೊಳ್ಳುತ್ತದೆ. ಬೆಳಗ್ಗೆ ರೈಲು ನಾಗನಹಳ್ಳಿ ದಾಟಿತು ಅಂದರೆ ಹೊಟ್ಟೆ ತೊಳೆಸೋಕೆ ಶುರು. ಮಗಳು ಹೋಮ್‌ವರ್ಕ್ ತೋರಿಸೋಕೆ ಬಂದರೆ ಸುಮ್ನೆ ಸಿಡುಕುತ್ತೇನೆ. ನಿದ್ದೆಯೂ ಸರಿಯಾಗಿಲ್ಲ.

ಅಪ್ಪನಿಗೆ ಹೇಳಿದರೆ, "ಕಬ್ಬಿನ ದುಡ್ಡು ಯಾವಾಗ ಬರುತ್ತೋ ಅಂತ ಬಾಯಿ ಬಿಟ್ಕೊಂಡು ಕಾದವ್ನು ಕಣಪ್ಪ ನಾನು. ತಿಂಗಳಾದ್ರೆ ಬರೋ ಸಂಬಳ ಬಿಡ್ತೀನಿ ಅಂತೀಯಲ್ಲ" ಅನ್ನುತ್ತಾರೆ. ಅವರ ಮಾತೂ ಸುಳ್ಳಲ್ಲ. ಬಿಟ್ಟೇಬಿಡಲಾ?

ಗುರು_ಮೈಸೂರು:
ಬಿಟ್ಟಾಕಿ ಗುರು. ಜೀವಕ್ಕಿಂತ ಕೆಲಸ ಹೆಚ್ಚಾ?

ರೈಲು ಪಾಸಿನವನು:
ಕಂತು ನೀವು ಕಟ್ಟುತ್ತೀರಾ ಗುರು? 😀

ಕುವೆಂಪುನಗರದ ಅಕ್ಕ:
ನಮ್ಮ ಯಜಮಾನರಿಗೂ ಹೀಗೇ ಆಗಿತ್ತು. ಆಗ ನಮಗೆ ಗೊತ್ತಾಗಿದ್ದು, ಬಾಯಿ ಕಟ್ಟಿಹಾಕಿದ್ದು ಮ್ಯಾನೇಜರ್ ಅಲ್ಲ, ಕಂತು. ಹಾಗಾಗಿ ಮೊದಲು ಬ್ಯಾಂಕಿಗೆ ಹೋಗಿ. ಸಾಲದ ಅವಧಿ ಹೆಚ್ಚಿಸಿ ಕಂತು ಇಳಿಸೋಕೆ ಆಗುತ್ತಾ ಕೇಳಿ. ಒಟ್ಟು ಬಡ್ಡಿ ಜಾಸ್ತಿ ಬೀಳುತ್ತದೆ, ನಿಜ. ಆದರೆ ಫ್ಲೋಟಿಂಗ್ ಬಡ್ಡಿಯ, ಅಂದರೆ ಬಡ್ಡಿ ದರ ಏರಿಳಿಯುವ ಮನೆ ಸಾಲ ಆದರೆ ಮುಂದೆ ಕೈಯಲ್ಲಿ ದುಡ್ಡಿದ್ದಾಗ ದಂಡ ಇಲ್ಲದೆ ಬೇಗ ತೀರಿಸಬಹುದು.

ಸರ್ವಿಸ್ ಐದು ವರ್ಷ ದಾಟಿದೆ, ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡಬೇಕಾದ ದುಡ್ಡು, ನಿಮ್ಮ ಹಕ್ಕು. ಬೇಸಿಕ್ ಮತ್ತು ಡಿಎ ಸೇರಿ 20 ಸಾವಿರ ಇದ್ದರೆ, ಅದನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಏಳು ವರ್ಷಕ್ಕೆ ಲೆಕ್ಕ ಹಾಕಿ. ಸುಮಾರು 80 ಸಾವಿರ. ಐದು ಕಂತಿಗೆ ಆಯಿತು ಅಲ್ವಾ? ಪಿಎಫ್ ಮಾತ್ರ ಮುಟ್ಟಬೇಡಿ.

ಹೊಟ್ಟೆ ತೊಳೆಸುವುದು, ನಿದ್ದೆ ಬರದಿರುವುದನ್ನು ತಳ್ಳಿಹಾಕಬೇಡಿ ತಮ್ಮಾ. 14416ಕ್ಕೆ ಫೋನ್ ಮಾಡಿ, ಸರ್ಕಾರದ ಟೆಲಿ ಮಾನಸ್, ಮಾನಸಿಕ ಆರೋಗ್ಯದ ಸಹಾಯವಾಣಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿಯೂ ಸಿಗುತ್ತಾರೆ.

ಹಳೇ ಶಿಫ್ಟ್:
ಅಕ್ಕ ಹೇಳಿದ್ದು ಸರಿ. ಇನ್ನೊಂದು, ಬೇರೆ ಕಡೆ ಆಫರ್ ಲೆಟರ್ ಕೈಗೆ ಬರುವ ತನಕ ರಾಜೀನಾಮೆ ಮಾತು ಕ್ಯಾಂಟೀನಲ್ಲೂ ಎತ್ತಬೇಡಿ. ಅಲ್ಲಿ ಗೋಡೆಗೂ ಕಿವಿ.

ರೈಲು ಪಾಸಿನವನು:
ಥ್ಯಾಂಕ್ಸ್ ಅಕ್ಕಾ. ಕಂತು ಇಳಿಸಬಹುದು ಅಂತ ಹೊಳೆದೇ ಇರಲಿಲ್ಲ. ನಾಳೆ ಎರಡನೇ ಶನಿವಾರ, ಬ್ಯಾಂಕ್ ಇಲ್ಲ. ಸೋಮವಾರ ಹೋಗಬೇಕು. ಅದಕ್ಕೆ ಅರ್ಧ ದಿನ ರಜೆಯನ್ನು ಮತ್ತೆ ಆ ಮಹಾನುಭಾವರ ಹತ್ತಿರವೇ ಕೇಳಬೇಕಲ್ಲ!