ಮಾಡೆಲ್ ವಿಮಾನದ ರೆಕ್ಕೆಯ ಇನ್ಸಿಡೆನ್ಸ್ (ರೆಕ್ಕೆ ಕೂರಿಸಿದ ಕೋನ) ಎಲ್ಲಿಂದ ಅಳೆಯಬೇಕು?

ಹಾಸನದ ಹೈವಿಂಗ್:
ಸರ್, ನನ್ನದು ಬಾಲ್ಸಾ ಟ್ರೈನರ್, ಅಂದರೆ ಹಾರಿಸಲು ಕಲಿಯುವವರ ಹಗುರ ಮರದ ರಿಮೋಟ್ ವಿಮಾನ. ಹೈ ವಿಂಗ್ (ರೆಕ್ಕೆ ಬಾಡಿಯ ಮೇಲೆ), ರೆಕ್ಕೆಯ ಅಡಿಭಾಗ ಚಪ್ಪಟೆ, ಕಾರ್ಡ್ (ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ ರೆಕ್ಕೆಯ ಅಗಲ) ಬುಡದಿಂದ ತುದಿಯವರೆಗೂ 230 ಮಿ.ಮೀ., ರೆಕ್ಕೆಗೆ ರಬ್ಬರ್ ಬ್ಯಾಂಡ್. ಥ್ರಾಟಲ್ ಏರಿಸಿದರೆ ಮೂತಿ ಎತ್ತುತ್ತದೆ. ನೇರ ಹಾರಬೇಕಾದರೆ ಐಲೆರಾನ್‌ಗೂ (ರೆಕ್ಕೆಯ ಹಿಂದಿನ ಅಂಚಿನ ಅಲುಗಾಡುವ ಪಟ್ಟಿ) ಸದಾ ಸ್ವಲ್ಪ ಎಡಕ್ಕೆ ಟ್ರಿಮ್ ಕೊಡಬೇಕು. ಪ್ಲಾನಿನಲ್ಲಿ ರೆಕ್ಕೆ 2.5 ಡಿಗ್ರಿ, ಬಾಲ ಸೊನ್ನೆ ಅಂತ ಇದೆ. ಮೊಬೈಲಿನ ಲೆವೆಲ್ ಆ್ಯಪನ್ನು ರೆಕ್ಕೆ ಮೇಲಿಟ್ಟರೆ ಒಂದೊಂದು ಸಲ ಒಂದೊಂದು ಲೆಕ್ಕ. ಸುಮ್ನೆ ಹಿಂದಿನ ಅಂಚಿನಡಿ ಪ್ಲೈವುಡ್ ಚೂರು ಇಟ್ಟುಬಿಡಲಾ?

ಮೂಡಬಿದ್ರೆ ಬಾಲ್ಸಾ:
ತಡೀರಿ ಮಾರಾಯ್ರೇ, ಅಳೆಯದೆ ಏನೂ ಇಡಬೇಡಿ. ರೆಕ್ಕೆಯ ಬೆನ್ನು ಉಬ್ಬಿದೆ, ಮೊಬೈಲ್ ಇಟ್ಟ ಜಾಗಕ್ಕೊಂದು ಕೋನ ಬರುವುದೇ. ಬೇಕಾದ್ದು ಮುಂದಿನ ಅಂಚಿನ ತುದಿಯಿಂದ ಹಿಂದಿನ ಅಂಚಿಗೆ ಎಳೆದ ಗೆರೆ, ಅಂದರೆ ಕಾರ್ಡ್ ಗೆರೆ. ಕ್ಲಾರ್ಕ್ ವೈ ಥರದ ಚಪ್ಪಟೆ ಅಡಿಯ ರೆಕ್ಕೆಯಲ್ಲಿ ಈ ಗೆರೆಗೂ ಚಪ್ಪಟೆ ಅಡಿಗೂ ಸುಮಾರು 2 ಡಿಗ್ರಿ ವ್ಯತ್ಯಾಸ. ನಿಮ್ಮ ಪ್ಲಾನು ಯಾವುದನ್ನು ಹಿಡಿದು 2.5 ಅಂದಿದೆ, ಮೊದಲು ನೋಡಿ.

ಆ್ಯಪ್ ಬಾಲಕ್ಕೆ ಸಾಕು. ಮೇಜಿನ ಮೇಲೆ ಅದನ್ನು ಸೊನ್ನೆ ಮಾಡಿ. ಆಮೇಲೆ ಬಾಡಿ ಕೆಳಗೆ ಸ್ಪಂಜು ಕೊಟ್ಟು, ಸ್ಟೆಬಿಲೈಸರ್ (ಬಾಲದ ಅಡ್ಡ ಹಲಗೆ) ಸೊನ್ನೆ ತೋರಿಸುವ ಹಾಗೆ ವಿಮಾನ ಕೂರಿಸಿ. ಈಗ ರೆಕ್ಕೆಯ ಎರಡೂ ಅಂಚು ಮೇಜಿನಿಂದ ಎಷ್ಟು ಎತ್ತರ ಅಂತ ಸ್ಕೇಲಿನಲ್ಲಿ ನೋಡಿ. ನಿಮ್ಮ ಕಾರ್ಡ್‌ಗೆ 4 ಮಿ.ಮೀ. ವ್ಯತ್ಯಾಸ ಅಂದರೆ ಒಂದು ಡಿಗ್ರಿ. ಬುಡದಲ್ಲೂ ತುದಿಯ ಹತ್ತಿರವೂ ಅಳೆಯಿರಿ, ಎರಡೂ ಕಡೆ.

ಐಡಲ್ ಅಪ್:
ಸಿ.ಜಿ. (ವಿಮಾನದ ತೂಕ ಸಮತೂಗುವ ಜಾಗ) ನೋಡಿದ್ರಾ? ಥ್ರಾಟಲ್ ಇಳಿಸಿ ಗ್ಲೈಡ್ ಮಾಡಿದಾಗಲೂ ಮೂತಿ ಎತ್ತುತ್ತಾ?

ಹಾಸನದ ಹೈವಿಂಗ್:
ಸಿ.ಜಿ. ಮುಂದಿನ ಅಂಚಿನಿಂದ ಕಾರ್ಡಿನ ಶೇ. 28ರಲ್ಲಿದೆ. ಗ್ಲೈಡ್ ಚೆನ್ನಾಗಿದೆ, ಎತ್ತಲ್ಲ. ಪ್ಲಾನಿನ ಲೆಕ್ಕ ಕಾರ್ಡ್ ಗೆರೆಯದ್ದೇ. ಬುಡದಲ್ಲಿ ಎರಡೂ ಕಡೆ ಮುಂದಿನ ಅಂಚು 10 ಮಿ.ಮೀ. ಎತ್ತರ. ಬಲತುದಿ 10, ಎಡತುದಿ 14!

ಮೂಡಬಿದ್ರೆ ಬಾಲ್ಸಾ:
ನೋಡಿ, ಇನ್ಸಿಡೆನ್ಸ್ ಸರಿಯಾಗಿಯೇ ಉಂಟು. ಪ್ಲೈ ಇಟ್ಟಿದ್ದರೆ ಅದೂ ಕೆಡುತ್ತಿತ್ತು. ಎಡತುದಿ ಒಂದು ಡಿಗ್ರಿ ತಿರುಚಿದೆ, ಆ ಕಡೆ ಜಾಸ್ತಿ ಎತ್ತುತ್ತದೆ, ಅದಕ್ಕೇ ಆ ಐಲೆರಾನ್ ಟ್ರಿಮ್. ಉಲ್ಟಾ ದಿಕ್ಕಿಗೆ ಸ್ವಲ್ಪ ಜಾಸ್ತಿಯೇ ತಿರುಚಿ ಹಿಡಿದುಕೊಳ್ಳಿ. ರೆಕ್ಕೆಗೆ ಹೊದಿಸಿದ ಮೇಲಿನ ಫಿಲ್ಮಿಗೂ ಕೆಳಗಿನದಕ್ಕೂ ಇನ್ನೊಬ್ಬರು ಹೀಟ್ ಗನ್ ಹಿಡಿಯಲಿ. ತಣ್ಣಗಾಗುವವರೆಗೆ ಕೈ ಬಿಡಬೇಡಿ.

ಗ್ಲೈಡ್‌ನಲ್ಲಿ ಎತ್ತಲ್ಲ ಅಂದರೆ ಡೌನ್ ಥ್ರಸ್ಟ್ (ಮೋಟರ್ ಕೆಳಕ್ಕೆ ಬಾಗಿರುವ ಕೋನ) ಕಡಿಮೆ. ಮೋಟರ್ ಮೌಂಟಿನ ಮೇಲಿನ ಎರಡು ಸ್ಕ್ರೂ ಹಿಂದೆ ಒಂದೊಂದು ವಾಷರ್ ಹಾಕಿ ಹಾರಿಸಿ. ಮೂತಿ ಎತ್ತುವುದು ಪೂರ್ತಿ ಹೋಗಲ್ಲ, ಚಪ್ಪಟೆ ಅಡಿಯ ಟ್ರೈನರ್ ವೇಗ ಸಿಕ್ಕರೆ ಏರುವುದೇ. ರಬ್ಬರ್ ಬ್ಯಾಂಡ್ ಹಳೆಯದಾಗಿದ್ದರೆ ಅದನ್ನೂ ಬದಲಿಸಿ. ವೇಗದಲ್ಲಿ ರೆಕ್ಕೆಯ ಮುಂಭಾಗ ಎದ್ದರೆ ಮೇಜಿನ ಮೇಲೆ ಅಳೆದದ್ದಕ್ಕೆ ಅರ್ಥವೇ ಇಲ್ಲ.