ಪೆಸ್ಟಮ್ ಒಂದು ದಿನದ ಟೂರ್: ಹೋಗಿ ಬಂದವರು ಹೇಳಿ

ಮೇನಲ್ಲಿ ಅಪ್ಪ ಅಮ್ಮನ ಜೊತೆ ಇಟಲಿಯ ನೇಪಲ್ಸ್‌ಗೆ ಹೋಗುತ್ತಿದ್ದೇವೆ. ಅಲ್ಲಿಂದ ಪೆಸ್ಟಮ್‌ನ ಗ್ರೀಕ್ ದೇವಸ್ಥಾನಗಳು, ಜೊತೆಗೆ ಎಮ್ಮೆ ಫಾರ್ಮ್‌ನಲ್ಲಿ ಮೊಜರೆಲ್ಲಾ ಚೀಸ್ ರುಚಿ, ಎರಡೂ ಸೇರಿಸಿ ಗೈಡ್ ಇರುವ ಟೂರ್ ಇದೆ. ದುಡ್ಡು ಕೊಡಬಹುದಾ? ಅಮ್ಮ ಅಪ್ಪಟ ಸಸ್ಯಾಹಾರಿ.

— ಹೋಗಿ. ಆದರೆ ಫಾರ್ಮ್‌ಗೆ ಎಷ್ಟು ಗಂಟೆಗೆ ಕರೆದುಕೊಂಡು ಹೋಗುತ್ತಾರೆ ಅಂತ ಮೊದಲೇ ಕೇಳಿ. ನಮ್ಮನ್ನು ಮೂರು ಗಂಟೆಗೆ ಕರೆದುಕೊಂಡು ಹೋದರು, ಅಷ್ಟರಲ್ಲಿ ಕೆಲಸ ಮುಗಿಸಿ ನೆಲ ತೊಳೆದಾಗಿತ್ತು, ಟಿವಿಯಲ್ಲಿ ವಿಡಿಯೋ ಹಾಕಿ ತೋರಿಸಿದರು! ಮರುದಿನ ಬೆಳಗ್ಗೆ ನಾವೇ ಇನ್ನೊಂದು ಫಾರ್ಮ್‌ಗೆ ಹೋದೆವು. ಒಡೆದ ಹಾಲಿನ ಗಟ್ಟಿಯನ್ನು ಕುದಿಯುವಂಥ ನೀರಿನಲ್ಲಿ ಹಾಕಿ, ಕೋಲಿನಿಂದ ಎತ್ತಿ ಎತ್ತಿ ಎಳೆಯುತ್ತಾರೆ. ಆಮೇಲೆ ಹೆಬ್ಬೆರಳು ತೋರುಬೆರಳಿನ ನಡುವೆ ಚಿವುಟಿ ಉಂಡೆ ಬಿಡುತ್ತಾರೆ. ಮೊಜರೆಲ್ಲಾ ಅಂತ ಹೆಸರು ಬಂದದ್ದೇ ಆ ಚಿವುಟುವುದರಿಂದ. ಕಚ್ಚಿದರೆ ಹಾಲು ಮೊಣಕೈವರೆಗೂ ಇಳಿಯುತ್ತದೆ, ಕರವಸ್ತ್ರ ಇಟ್ಟುಕೊಳ್ಳಿ.

— ಅಮ್ಮನಿಗೆ ಮೊದಲೇ ಹೇಳಿಬಿಡಿ, ಅಲ್ಲಿನ ಅಸಲಿ ಎಮ್ಮೆ ಮೊಜರೆಲ್ಲಾಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿ. ನಮ್ಮತ್ತೆ ತಿಂದಾದ ಮೇಲೆ ಗೈಡ್ ಇದನ್ನು ಹೇಳಿದ್ದು, ವಾಪಸ್ ಬರುವವರೆಗೂ ಬಸ್ಸಿನಲ್ಲಿ ಮಾತಿಲ್ಲ. ರಿಕೋಟಾ ಅನ್ನೋ ಮೆತ್ತನೆ ಚೀಸ್ ಕೂಡ ಅದೇ ಒಡೆದ ಹಾಲಿನ ನೀರಿನಿಂದ ಮಾಡಿದ್ದು. ಎಮ್ಮೆ ಹಾಲಿನ ಮೊಸರು ಇರುತ್ತದೆ, ಅದನ್ನು ಕೇಳಿ.

— ಸುಮ್ನೆ ರೈಲಿನಲ್ಲಿ ಹೋಗಬಹುದು, ನೇಪಲ್ಸ್‌ನಿಂದ ಒಂದೂಕಾಲು ಗಂಟೆ, ಸ್ಟೇಷನ್‌ನಿಂದ ನಡೆದೇ ಹೋಗುವಷ್ಟು ಹತ್ತಿರ. ಆದರೂ ಗೈಡ್ ಇದ್ದರೆ ಒಳ್ಳೆಯದು ಅಂತ ನನಗನ್ನಿಸಿದ್ದು ಒಂದೇ ಕಾರಣಕ್ಕೆ. ಇರುವ ಮೂರು ದೇವಸ್ಥಾನಗಳಲ್ಲಿ ಹಳೆಯದು, ಹೇರಾ ದೇವಿಯದು, ಸುಮಾರು ಕ್ರಿ.ಪೂ. 550ರದ್ದು. ಮುಂದೆ 9 ಕಂಬ. ಬೆಸ ಸಂಖ್ಯೆ ಅಲ್ವಾ, ಹಾಗಾಗಿ ಒಂದು ಕಂಬ ಸರಿಯಾಗಿ ನಡುವೆಯೇ ನಿಂತಿದೆ, ಒಳಗೂ ನಡುವೆ ಕಂಬದ ಸಾಲು. ನೇರವಾಗಿ ನಡುವಿನಿಂದ ಒಳಗೆ ಹೋಗುವ ಹಾಗೇ ಇಲ್ಲ! ನೂರು ವರ್ಷದ ನಂತರ ಪಕ್ಕದಲ್ಲಿ ಕಟ್ಟಿದ್ದಕ್ಕೆ ಮುಂದೆ 6 ಕಂಬ, ನಡುವೆ ದಾರಿ. ಗೈಡ್ ತೋರಿಸದಿದ್ದರೆ ಫೋಟೋ ಹೊಡೆದುಕೊಂಡು ಬಂದುಬಿಡುತ್ತಿದ್ದೆ. ಮತ್ತೆ, ಟೂರ್‌ನಲ್ಲಿ ಮ್ಯೂಸಿಯಂ ಇದೆಯಾ ನೋಡಿ. 1968ರಲ್ಲಿ ಸಿಕ್ಕ ಸಮಾಧಿಯ ಮುಚ್ಚಳದ ಕಲ್ಲು ಅಲ್ಲಿದೆ, ಅದರ ಮೇಲೆ ನೀರಿಗೆ ಹಾರುತ್ತಿರುವ ಹುಡುಗನ ಚಿತ್ರ. ನಾನು ಜಾಸ್ತಿ ಹೊತ್ತು ನಿಂತಿದ್ದು ಅದರ ಮುಂದೆಯೇ. ನೆರಳು ಕಡಿಮೆ, ಅಪ್ಪನಿಗೆ ಟೋಪಿ ಇರಲಿ.

— ಎಲ್ಲರಿಗೂ ಥ್ಯಾಂಕ್ಸ್. ಕೇಳಿದೆ, ಫಾರ್ಮ್‌ಗೆ ಬೆಳಗ್ಗೆ ಒಂಬತ್ತಕ್ಕೇ ಅಂತೆ, ಬುಕ್ ಮಾಡಿದೆ. ಎಮ್ಮೆ ಮೊಸರು ಸಿಗುತ್ತೆ ಅಂದಿದ್ದೇ ತಡ, ಡಬ್ಬಿಯಲ್ಲಿ ಅನ್ನ ತಗೊಂಡು ಹೋಗೋಣ್ವಾ ಅಂತಿದ್ದಾರೆ ಅಮ್ಮ.