ಇಪ್ಪತ್ತು ದಿನ ರಜೆ ಹಾಕಿ ತವರಿಗೆ ಹೋಗಲಾ? ಹೋಗಿ ಬಂದವರು ಹೇಳಿ

ಶಿವಮೊಗ್ಗದ ಒಂದು ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಹನ್ನೊಂದು ವರ್ಷ ಆಯ್ತು. ಒಟ್ಟಿಗೆ ಮೂರು ದಿನಕ್ಕಿಂತ ಜಾಸ್ತಿ ರಜೆ ಹಾಕಿದ್ದು ಮಗಳು ಹುಟ್ಟಿದಾಗ ಮಾತ್ರ. ಅದನ್ನು ರಜೆ ಅನ್ನೋಕಾಗುತ್ತಾ? ತಿಂಗಳ 11ಕ್ಕೆ ಒಂದು ಜಿಎಸ್‌ಟಿ ರಿಟರ್ನ್, 20ಕ್ಕೆ ಇನ್ನೊಂದು. ಹೀಗೇ ತಿಂಗಳುಗಳು ಉರುಳಿವೆ. ಈಚೆಗೆ ಬೆಳಿಗ್ಗೆ ಏಳುವಾಗಲೇ ಸುಸ್ತು. ರಕ್ತ ಪರೀಕ್ಷೆ ಮಾಡಿಸಿದೆ, ಎಲ್ಲ ಸರಿ ಇದೆ ಅಂದರು. 38 ಇ.ಎಲ್. (ಗಳಿಕೆ ರಜೆ) ಹಾಗೇ ಉಳಿದಿದೆ. ಹೊಸನಗರದ ಹತ್ತಿರ ನನ್ನ ತವರು. ಇಪ್ಪತ್ತು ದಿನ ಅಲ್ಲಿ ಹೋಗಿ ಸುಮ್ನೆ ಇರಬೇಕು ಅನ್ನಿಸ್ತಿದೆ. ಅಷ್ಟು ದಿನ ಬೇಕಾ, ಒಂದು ವಾರ ಸಾಲದಾ? ಆಫೀಸಿನಲ್ಲಿ ಏನಾಗುತ್ತೆ? ಊರವರು ಏನಂತಾರೆ? ಹೀಗೆ ಮಾಡಿದವರು ಇದ್ದರೆ ದಯವಿಟ್ಟು ಹೇಳಿ.

ಸಾಗರದಿಂದ, ಬ್ಯಾಂಕ್ ಉದ್ಯೋಗಿ:

ಒಂದು ವಾರ ಸಾಲದು. ಇದು ನಾನಾಗಿ ಕಲಿತದ್ದಲ್ಲ, ಬ್ಯಾಂಕೇ ಕಲಿಸಿತು.

ನಮ್ಮಲ್ಲಿ ಕಡ್ಡಾಯ ರಜೆ ಅಂತ ಒಂದಿದೆ. ರಿಸರ್ವ್ ಬ್ಯಾಂಕಿನ ನಿಯಮ. ಸೂಕ್ಷ್ಮ ಜಾಗದಲ್ಲಿ ಕೆಲಸ ಮಾಡುವವರು ವರ್ಷಕ್ಕೊಮ್ಮೆ ಕಡಿಮೆ ಅಂದರೂ 10 ಕೆಲಸದ ದಿನ ಒಟ್ಟಿಗೆ ರಜೆಯಲ್ಲಿರಬೇಕು. ಯಾವಾಗ ಅಂತ ಮುಂಚೆ ಹೇಳುವುದಿಲ್ಲ. ಉದ್ದೇಶ ನಮ್ಮ ವಿಶ್ರಾಂತಿ ಅಲ್ಲ. ಆ ಕುರ್ಚಿಯಲ್ಲಿ ಬೇರೆಯವರು ಕೂತರೆ, ದಿನಾ ಮುಚ್ಚಿಡಬೇಕಾದಂಥ ಮೋಸ ಏನಾದರೂ ಇದ್ದರೆ ಹೊರಗೆ ಬೀಳುತ್ತೆ, ಅದಕ್ಕೆ. ಅಷ್ಟೂ ದಿನ ಕೆಲಸದ ಲಾಗಿನ್ ಬಂದ್. ನಮ್ಮ ಬ್ಯಾಂಕಿನ ಪಟ್ಟಿಯಲ್ಲಿ ನನ್ನ ಕುರ್ಚಿಯೂ ಇತ್ತು.

ಒಂದು ಶನಿವಾರ ಸಂಜೆ ಮ್ಯಾನೇಜರ್ ಕರೆದು, ಸೋಮವಾರದಿಂದ ನೀವು ಬರೋ ಹಾಗಿಲ್ಲ ಅಂದರು. ಅದು ನವೆಂಬರ್. ಪಿಂಚಣಿದಾರರೆಲ್ಲ ಜೀವಿತ ಪ್ರಮಾಣಪತ್ರ ಕೊಡೋಕೆ ಬರುವ ತಿಂಗಳು. ಈ ತಿಂಗಳಲ್ಲಾ ಅಂತ ನನಗೆ ಗಾಬರಿ. ಸೇಫ್ ಕೀ ಒಪ್ಪಿಸಿ ಮನೆಗೆ ಬಂದೆ. ಭಾನುವಾರ, ಎರಡನೇ ಶನಿವಾರ ಎಲ್ಲ ಸೇರಿ 13 ದಿನ ಆಯ್ತು. ಏನು ಮಾಡೋದು ಅಂತ ತೋಚದೆ ತಾಳಗುಪ್ಪದ ಹತ್ತಿರದ ನನ್ನ ತವರಿಗೆ ಹೋದೆ.

ಅಲ್ಲಿ ಕೊಯ್ಲು ನಡೀತಿತ್ತು. ರಾತ್ರಿ ಊಟ ಆದ ಮೇಲೆ ಎಲ್ಲರೂ ಅಂಗಳದ ಚಪ್ಪರದಲ್ಲಿ ಅಡಿಕೆ ಸುಲಿಯೋಕೆ ಕೂರುತ್ತಾರೆ. ಆಚೆ ಒಲೆ ಮೇಲೆ ಅಡಿಕೆ ಬೇಯಿಸೋ ಹಂಡೆ, ಅದರ ರಸದ, ಅಂದರೆ ಚೊಗರಿನ ವಾಸನೆ. ನಾನೂ ಒಂದು ಕತ್ತಿ ತಗೊಂಡು ಕೂತೆ. ಮೊದಲ ನಾಲ್ಕು ದಿನ ಕೈ ಅಡಿಕೆ ಸುಲಿಯುತ್ತಿದ್ದರೂ ಬಾಯೊಳಗೆ ಎಣಿಕೆ ನಿಂತಿರಲಿಲ್ಲ. ನೂರು ಆದ ಕೂಡಲೇ ಕೈ ತಾನಾಗಿ ನಿಲ್ಲುತ್ತಿತ್ತು, ನೋಟಿನ ಕಟ್ಟು ಕಟ್ಟೋಕೆ ಹೊರಟ ಹಾಗೆ. ಪಕ್ಕದಲ್ಲಿದ್ದ ಚಿಕ್ಕಮ್ಮ ನೋಡಿ, "ಏನೇ ಕೂಸೆ, ಎಣಿಸ್ತಾ ಇದೀಯಾ?" ಅಂದರು. ಎಂಟನೇ ರಾತ್ರಿ ಎದ್ದು ಕೈ ತೊಳೆಯುವಾಗ ಹೊಳೆಯಿತು, ಇವತ್ತು ಎಣಿಸಲೇ ಇಲ್ಲ. ಬೆರಳೆಲ್ಲ ಕಪ್ಪಾಗಿತ್ತು. ಹಾಗೇ ಹೋಗಿ ಮಲಗಿದೆ. ಬೆಳಿಗ್ಗೆ ಏಳೂವರೆಗೆ ಎಚ್ಚರ ಆಯ್ತು.

ಕೆಲಸ ತಲೆಯಿಂದ ಇಳಿಯೋಕೇ ನನಗೆ ಎಂಟು ದಿನ ಹಿಡಿಯಿತು. ವಾರದ ರಜೆ ಆಗಿದ್ದರೆ ಅದು ಇಳಿಯೋ ಮುಂಚೆಯೇ ವಾಪಸ್ ಹೋಗಿರುತ್ತಿದ್ದೆ.

ಇನ್ನು ಆಫೀಸಿನ ವಿಷಯ. ನಾನಿಲ್ಲದೆ ಶಾಖೆ ನಡೆಯಲ್ಲ ಅಂತಲೇ ನಂಬಿದ್ದೆ. ನಡೆದಿತ್ತು. ಜೂನಿಯರ್ ಹುಡುಗಿ ವಯಸ್ಸಾದವರನ್ನೆಲ್ಲ ಬೆಂಚಿನ ಮೇಲೆ ಕೂರಿಸಿ, ತಾನೇ ಅವರ ಹತ್ತಿರ ಹೋಗಿ ಕಾಗದ ತಗೊಂಡಿದ್ದಳು. ಅಷ್ಟು ವರ್ಷ ಅವರನ್ನು ಕೌಂಟರಿನ ಮುಂದೆ ನಿಲ್ಲಿಸುತ್ತಿದ್ದೆವಲ್ಲ ಅಂತ ಬೇಜಾರಾಯ್ತು. ಒಂದು ಕಡತ ಮಾತ್ರ ತಪ್ಪಿತ್ತು, ಸರಿ ಮಾಡೋಕೆ ಒಂದು ಗಂಟೆ ಬೇಕಾಯ್ತು, ಅಷ್ಟೇ.

ಮರುವರ್ಷ ನಾನೇ ಕೇಳಿ 24 ದಿನ ಪಿ.ಎಲ್. (ನಮ್ಮಲ್ಲಿ ಗಳಿಕೆ ರಜೆಗೆ ಹಾಗಂತಾರೆ) ಹಾಕಿದೆ. ಒಂದು ತಪ್ಪು ಮಾಡಿದೆ. ಶುರುವಿನಲ್ಲೇ ಐದು ದಿನ ಕಾರು ಮಾಡಿಕೊಂಡು ಜೋಗ, ಸಿಗಂದೂರು, ಆಗುಂಬೆ, ಶೃಂಗೇರಿ ಅಂತ ಎಲ್ಲರನ್ನೂ ಕರೆದುಕೊಂಡು ಸುತ್ತಿದೆ. ರೂಮು, ಊಟ, ಯಾರಿಗೆ ವಾಂತಿ ಬಂತು, ಇದೇ ಆಯ್ತು. ಅದನ್ನು ನಾನು ರಜೆಗೆ ಸೇರಿಸಲ್ಲ. ಆಮೇಲೆ ತವರಿಗೆ ಹೋದೆ. ಎರಡನೇ ವಾರ ಸುಮ್ಸುಮ್ನೆ ಕಿರಿಕಿರಿ, ಎಲ್ಲರ ಮೇಲೂ ರೇಗಾಡಿದೆ. ನಿಮಗೂ ಹಾಗಾದರೆ ಹೆದರಿ ವಾಪಸ್ ಹೊರಡಬೇಡಿ. ಮೂರನೇ ವಾರ ಒಂದು ಮಧ್ಯಾಹ್ನ ಅಟ್ಟದಿಂದ ಹಾರ್ಮೋನಿಯಂ ಇಳಿಸಿದೆ. ಮದುವೆಗೆ ಮುಂಚೆ ನುಡಿಸುತ್ತಿದ್ದದ್ದು. ಯಾರೂ ಹೇಳಿರಲಿಲ್ಲ, ಬೇಕು ಅನ್ನಿಸಿತು. ಹಾಗೆ ಏನಾದರೂ ಬೇಕು ಅನ್ನಿಸಿ ಎಷ್ಟು ವರ್ಷ ಆಗಿತ್ತೋ.

ಊರವರು ಕೇಳೇ ಕೇಳ್ತಾರೆ. "ಯಾಕೆ ಬಂದಿದಾಳೆ, ಎಲ್ಲ ಸರಿ ಇದೆಯಾ?" ಅಂತ ಪಕ್ಕದ ಮನೆಯವರು ಕೇಳಿದ್ದಕ್ಕೆ ನಮ್ಮಮ್ಮ, "ರಜೆಗೆ ಬಂದಿದಾಳೆ. ಶಾಲೆ ಮಕ್ಕಳಿಗೆ ಮಾತ್ರಾನಾ ರಜೆ?" ಅಂದರು. ಎಂಟು ದಿನ ಕಳೆದ ಮೇಲೆ ಯಾರೂ ಕೇಳಲಿಲ್ಲ.

ನಿಮ್ಮ ಕೆಲಸದಲ್ಲೇ ದಾರಿ ಇದೆ, ನೋಡಿ. 20ರ ರಿಟರ್ನ್ ಮುಗಿಸಿ 21ಕ್ಕೆ ಹೊರಟರೆ ಮುಂದಿನ 10ರವರೆಗೆ ಇಪ್ಪತ್ತು ದಿನ ಸಿಗುತ್ತೆ. ನಡುವೆ ಬರೋದು ಸಂಬಳ, ಮತ್ತೆ 7ನೇ ತಾರೀಕಿಗೆ ಟಿಡಿಎಸ್ (ಮೂಲದಲ್ಲೇ ಹಿಡಿದ ತೆರಿಗೆ) ಕಟ್ಟೋದು. ಎರಡನ್ನೂ ಬರೆದು ಒಬ್ಬರಿಗೇ ಒಪ್ಪಿಸಿ. ಇಬ್ಬರಿಗೆ ಹಂಚಿದರೆ ಇಬ್ಬರೂ ನಿಮಗೇ ಫೋನ್ ಮಾಡ್ತಾರೆ. ಹೊರಡೋ ಮುಂಚಿನ ತಿಂಗಳು ನೀವು ಪಕ್ಕದಲ್ಲಿ ಕೂತು, ಅವರ ಕೈಯಲ್ಲೇ ಒಂದು ಸಲ ಮಾಡಿಸಿ.

ಭದ್ರಾವತಿಯಿಂದ, ನಿವೃತ್ತ ಕಾರ್ಮಿಕ:

ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡಿ ನಿವೃತ್ತನಾದವನು ನಾನು. ನಮ್ಮ ಕಾಲದಲ್ಲಿ 1948ರ ಕಾರ್ಖಾನೆ ಕಾಯ್ದೆ. ವರ್ಷಕ್ಕೆ 240 ದಿನ ದುಡಿದರೆ, ದುಡಿದ 20 ದಿನಕ್ಕೆ ಒಂದರಂತೆ ಸಂಬಳದ ರಜೆ. ಅದನ್ನು ನಾವು ಒಂದೊಂದೇ ದಿನ ಹಾಕಿ ಮುಗಿಸುತ್ತಿದ್ದೆವು. ಮದುವೆಗೆ ಒಂದು, ತಿಥಿಗೆ ಒಂದು, ರೇಷನ್ ಕಾರ್ಡಿಗೆ ಒಂದು. ಯೂನಿಯನ್ ಸಭೆಯಲ್ಲಿ ಒಮ್ಮೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1970ರ ಒಪ್ಪಂದದ ಬಗ್ಗೆ ಹೇಳಿದರು. ವರ್ಷಕ್ಕೆ ಕನಿಷ್ಠ ಮೂರು ವಾರ ರಜೆ, ತುಂಡು ಮಾಡಿದರೂ ಒಂದು ತುಂಡು ಸತತ ಎರಡು ವಾರದ್ದಾಗಿರಬೇಕು ಅಂತ. ನಮ್ಮ ದೇಶ ಅದಕ್ಕೆ ಒಪ್ಪಿಗೆ ಕೊಟ್ಟಿಲ್ಲ. ಎರಡು ವಾರ ಒಟ್ಟಿಗೆ ಯಾಕೆ ಬೇಕು ಅಂತ ನನಗೂ ಆಗ ತಿಳಿಯಲಿಲ್ಲ.

ಆಮೇಲೆ ಕಾಲು ಮುರಿದುಕೊಂಡು ಮನೆಯಲ್ಲಿ ಕೂತೆ. ಸಂಜೆ ನಾಲ್ಕೂವರೆಗೆ ಮಗ ಶಾಲೆಯಿಂದ ಬಂದು, ಚೀಲ ಇಟ್ಟು, ನೇರ ಅಡುಗೆಮನೆಗೆ ಹೋಗಿ ತಟ್ಟೆ ತಾನೇ ತಗೊಂಡು ಕೂತ. ಅವನು ಆಗ ಏಳನೇ ಕ್ಲಾಸು. ಅದನ್ನು ನಾನು ನೋಡಿದ್ದು ಅದೇ ಮೊದಲು. ಮೊದಲ ವಾರ ನನ್ನ ಹತ್ತಿರ ಬರೋಕೆ ಅವನಿಗೆ ಸಂಕೋಚ. ಎರಡನೇ ವಾರದಲ್ಲಿ ಗಣಿತದ ಪುಸ್ತಕ ತಗೊಂಡು ಮಂಚದ ಮೇಲೆ ಹತ್ತಿ ಕೂತ. ಕಾಲು ಮುರಿಯೋವರೆಗೆ ಕಾಯಬೇಡಮ್ಮ. ಹೋಗಿ ಬಾ.

ತೀರ್ಥಹಳ್ಳಿಯಿಂದ, ಟೈಲರ್:

ಮೇಡಂ, ನಮಗೆ ಸಂಬಳದ ರಜೆ ಅಂತ ಇಲ್ಲ. ಅಂಗಡಿ ಮುಚ್ಚಿದ ದಿನ ದುಡಿಮೆ ಇಲ್ಲ. ಆದರೂ ಐದು ವರ್ಷದಿಂದ ಆಷಾಢದಲ್ಲಿ 18 ದಿನ ಬಾಗಿಲು ಹಾಕ್ತೀನಿ. ಯೂನಿಫಾರ್ಮ್ ಕೆಲಸ ಮುಗಿದಿರುತ್ತೆ, ಶ್ರಾವಣದ ಬ್ಲೌಸು ಇನ್ನೂ ಶುರುವಾಗಿರಲ್ಲ. ಮದುವೆ, ಗೃಹಪ್ರವೇಶ ಯಾವುದೂ ಇಲ್ಲ, ಹಾಗಾಗಿ ರಜೆಯನ್ನು ನೆಂಟರು ತಿಂದು ಹಾಕಲ್ಲ. ಇದು ಬಹಳ ಮುಖ್ಯ. ಬೇಸಿಗೆಯಲ್ಲಿ ರಜೆ ಹಾಕಿ ನೋಡಿದೀನಿ, ಪೂರ್ತಿ ಮದುವೆ ಊಟದಲ್ಲೇ ಹೋಯ್ತು.

ದುಡ್ಡಿಗೆ, ದಿನಾ 100 ರೂಪಾಯಿ ಪಿಗ್ಮಿ ಕಟ್ತೀನಿ. ಅದು ಈ 18 ದಿನಕ್ಕೇ ಮೀಸಲು. ಮೊದಲ ವರ್ಷ ಇಬ್ಬರು ಗಿರಾಕಿಗಳು ಬೇರೆ ಕಡೆ ಹೋದರು, ಒಬ್ಬರು ತಿರುಗಿ ಬಂದರು. ಶಟರ್ ಮೇಲೆ ಬಾಗಿಲು ತೆರೆಯೋ ತಾರೀಕು ದೊಡ್ಡದಾಗಿ ಬರೀತೀನಿ. ಆ ತಾರೀಕು ತಪ್ಪಲ್ಲ.

ಯಾಕೆ ಶುರು ಮಾಡಿದೆ ಅಂದರೆ, ಆ ವರ್ಷ ಜೂನ್‌ನಲ್ಲಿ ಒಬ್ಬರ ಮದುವೆ ಸೀರೆಯ ಬ್ಲೌಸ್ ಪೀಸು ಎರಡು ಇಂಚು ಗಿಡ್ಡ ಕತ್ತರಿಸಿಬಿಟ್ಟೆ. ಅಳತೆ ಸರಿಯಾಗಿ ಬರೆದಿದ್ದೆ. ಗುರುತೂ ಸರಿಯಾಗಿ ಹಾಕಿದ್ದೆ. ಕತ್ತರಿ ಮಾತ್ರ ಬೇರೆ ಕಡೆ ಹೋಗಿತ್ತು. ಸೀರೆ ಜೊತೆಗೇ ನೇಯ್ದ ಬಟ್ಟೆ, ಬೇರೆ ತರೋ ಹಾಗೂ ಇಲ್ಲ. ಆ ಅಮ್ಮ ಬೈಯಲಿಲ್ಲ, ಬಟ್ಟೆ ಮಡಚಿಕೊಂಡು ಹೋದರು. ಆವತ್ತು ರಾತ್ರಿ ಹೆಂಡತಿ, "ಸ್ವಲ್ಪ ದಿನ ಮುಚ್ಚಿ" ಅಂದಳು. ಊರಿಗೆ ಹೋದೆ. ನಾಟಿ ನಡೀತಿತ್ತು, ಬೆಳಿಗ್ಗೆ ಹೊತ್ತು ಗದ್ದೆಗೆ ಇಳೀತಿದ್ದೆ. ಮಧ್ಯಾಹ್ನ ಮಳೆ ಸದ್ದಿಗೆ ನಿದ್ದೆ. ಕುತ್ತಿಗೆ ನೋವು ಹದಿನೈದನೇ ದಿನಕ್ಕೆ ಹೋಯ್ತು. ಬಂದು ಮೊದಲ ಬಟ್ಟೆಗೆ ಕತ್ತರಿ ಇಟ್ಟಾಗ ಕೈ ನೇರ ಹೋಯ್ತು.

ಕೇಳಿದವರಿಂದ:

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಆಷಾಢ ನನಗಾಗಲ್ಲ ಅಣ್ಣ, ಜುಲೈ 31ಕ್ಕೆ ಟಿಡಿಎಸ್ ರಿಟರ್ನ್ ಇದೆ. ಅಕ್ಕ ಹೇಳಿದ ಹಾಗೆ ನವೆಂಬರ್ 21ರಿಂದ ಡಿಸೆಂಬರ್ 10ರವರೆಗೆ ಅರ್ಜಿ ಬರೆದು ಕೊಟ್ಟೆ. ಸಾಹೇಬರು ಕ್ಯಾಲೆಂಡರ್ ನೋಡಿ, 7ನೇ ತಾರೀಕಿಗೆ ಯಾರು ಅಂತ ಕೇಳಿದರು. ಹೆಸರು ಹೇಳಿದೆ. ಸಹಿ ಹಾಕಿದರು. ಮಗಳಿಗೆ ಶಾಲೆ ಇದೆ, ಶನಿವಾರ ಅವರಪ್ಪನ ಜೊತೆ ಬಂದು ಹೋಗ್ತಾಳೆ.

ಅಮ್ಮನಿಗೆ ಫೋನ್ ಮಾಡಿ ಇಪ್ಪತ್ತು ದಿನ ಬರ್ತೀನಿ ಅಂದೆ. "ಯಾರಿಗೆ ಹುಷಾರಿಲ್ಲ?" ಅಂದಳು. ಎಲ್ಲ ಚೆನ್ನಾಗಿದ್ದೀವಿ, ಸುಮ್ನೆ ಇರೋಕೆ ಬರ್ತೀನಿ ಅಂದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಅಪ್ಪೆಮಿಡಿ ಉಪ್ಪಿನಕಾಯಿ ಇನ್ನೊಂದು ಭರಣಿ ತೆಗೆದೇ ಇಲ್ಲ, ನೀನು ಬಂದ ಮೇಲೆ ತೆಗೀತೀನಿ" ಅಂದಳು.